ತತ್ತ್ವಗ್ರಂಥವೋ, ಪುರಾಣ ಕಾದಂಬರಿಯೋ: ಒಂದೂವರೆ ವರ್ಷದ ಜೋಡಿ ಓದು

ಭಾವ ತೀರಿಕೊಂಡು ಎರಡು ವಾರವಾಗಿತ್ತು. ಅಕ್ಕ ಕಿಟಕಿಯ ಬಳಿ ಕುಳಿತಿದ್ದಳು. ತೊಡೆಯ ಮೇಲೆ ಭಾವನ ಕನ್ನಡಕದ ಡಬ್ಬಿ. ಅದನ್ನು ತೆರೆಯುವಳು, ಮುಚ್ಚುವಳು, ಮತ್ತೆ ತೆರೆಯುವಳು. ಸುಮ್ಮನೆ ಕೂರಲಾಗದೆ ನಾನು ಗೀತೆಯ ಶ್ಲೋಕ ಹೇಳಿದೆ: ‘ಜಾತಸ್ಯ ಹಿ ಧ್ರುವೋ ಮೃತ್ಯುಃ.’ ಹುಟ್ಟಿದವನಿಗೆ ಸಾವು ನಿಶ್ಚಿತ, ತಪ್ಪಿಸಲಾಗದ್ದಕ್ಕೆ ದುಃಖಪಡಬಾರದು ಎಂದು ಅರ್ಥವನ್ನೂ ಬಿಡಿಸಿ ಹೇಳಿದೆ. ಅಕ್ಕ ನನ್ನ ಕಡೆ ತಿರುಗಿ, “ಅದು ನನಗೆ ಗೊತ್ತಿಲ್ಲವೇನೋ?” ಎಂದಳು. ಡಬ್ಬಿಯನ್ನು ಮುಚ್ಚಿಕೊಂಡು ಎದ್ದು ಒಳಗೆ ಹೋದಳು.

ಆ ರಾತ್ರಿ ಶ್ಲೋಕವನ್ನು ಮತ್ತೆ ಓದಿದೆ. ಶ್ಲೋಕದಲ್ಲಿ ದೋಷವಿರಲಿಲ್ಲ. ನಾನು ಉದ್ದೇಶಪೂರ್ವಕವಾಗಿ ನೋಯಿಸಿಯೂ ಇರಲಿಲ್ಲ. ಆದರೂ ಅಕ್ಕನ ಮುಖ ಮುಚ್ಚಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ. ನನ್ನ ಕಪಾಟಿನಲ್ಲಿ ಇಪ್ಪತ್ತು ವರ್ಷಗಳಿಂದ ಎರಡು ಬಗೆಯ ಪುಸ್ತಕಗಳು ಅಕ್ಕಪಕ್ಕದಲ್ಲಿವೆ: ಒಂದು ಕಡೆ ಉಪನಿಷತ್ತು, ಗೀತೆ, ಗ್ರೀಕ್ ಮತ್ತು ರೋಮನ್ ತತ್ತ್ವಜ್ಞರು, ಇನ್ನೊಂದು ಕಡೆ ಮಹಾಭಾರತ ಮತ್ತು ಪುರಾಣಗಳನ್ನು ಹೊಸದಾಗಿ ಕಟ್ಟಿ ಬರೆದ ಕಾದಂಬರಿಗಳು. ಎರಡನ್ನೂ ಪ್ರೀತಿಯಿಂದಲೇ ಓದಿದ್ದೆ. ಆದರೆ ಯಾವುದು ಯಾವ ಹೊತ್ತಿಗೆ ಒದಗುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂದು ಒರೆಹಚ್ಚಿ ನೋಡಿದವನಲ್ಲ. ಅಂದಿನಿಂದ ಒಂದೂವರೆ ವರ್ಷ ನೋಡಿದೆ.

ಕ್ರಮ ಸರಳವಾಗಿತ್ತು. ಒಂದೇ ವ್ಯಕ್ತಿ ಅಥವಾ ಒಂದೇ ಪ್ರಶ್ನೆಯನ್ನು ಎರಡೂ ಕಡೆ ಓದುವುದು. ನೋಟ್‌ಬುಕ್ಕಿನ ಎಡಪುಟ ತತ್ತ್ವಗ್ರಂಥಕ್ಕೆ, ಬಲಪುಟ ಕಾದಂಬರಿಗೆ. ಆರು ತಿಂಗಳು ಕಳೆದ ಮೇಲೆ ಪುಸ್ತಕ ತೆರೆಯದೆ, ನೆನಪಿನಲ್ಲಿ ಉಳಿದದ್ದನ್ನಷ್ಟೇ ಅದೇ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಬರೆಯುವುದು. ನನಗೆ ಹೆಚ್ಚು ಕಲಿಸಿದ್ದು ಆ ಕೆಂಪು ಸಾಲುಗಳೇ.

ಯಾಜ್ಞವಲ್ಕ್ಯನ ಮನೆ

ಮೊದಲ ಜೋಡಿ ಬೃಹದಾರಣ್ಯಕ ಉಪನಿಷತ್ತು ಮತ್ತು ದೇವುಡು ನರಸಿಂಹಶಾಸ್ತ್ರಿಗಳ ‘ಮಹಾದರ್ಶನ’. ಎರಡರಲ್ಲೂ ಯಾಜ್ಞವಲ್ಕ್ಯನೇ ನಾಯಕ. ಇಷ್ಟು ನೇರವಾಗಿ ಹೊಂದುವ ಜೋಡಿ ಕನ್ನಡ ಓದುಗನಿಗೆ ಬೇರೆ ಸಿಗುವುದು ಕಷ್ಟ.

ಉಪನಿಷತ್ತಿನಲ್ಲಿ ಪ್ರಸಂಗ ಚಿಕ್ಕದು. ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡಲು ಸಿದ್ಧನಾಗಿದ್ದಾನೆ. ಮೈತ್ರೇಯಿಯನ್ನು ಕರೆದು, ನಿನಗೂ ಕಾತ್ಯಾಯನಿಗೂ ಆಸ್ತಿಯನ್ನು ಹಂಚಿಬಿಡುತ್ತೇನೆ ಎನ್ನುತ್ತಾನೆ. ಆಕೆ ಕೇಳುತ್ತಾಳೆ: ಸಂಪತ್ತು ತುಂಬಿದ ಈ ಭೂಮಿಯೆಲ್ಲ ನನ್ನದಾದರೆ ನಾನು ಅಮೃತಳಾಗುತ್ತೇನೆಯೇ? ಇಲ್ಲ, ಅನುಕೂಲಸ್ಥರ ಬಾಳು ಹೇಗೋ ನಿನ್ನ ಬಾಳು ಹಾಗಿರುತ್ತದೆ ಎಂದು ಅವನು ಹೇಳುತ್ತಾನೆ. ಯಾವುದರಿಂದ ನಾನು ಅಮೃತಳಾಗುವುದಿಲ್ಲವೋ ಅದನ್ನಿಟ್ಟುಕೊಂಡು ಏನು ಮಾಡಲಿ ಎಂದು ಮೈತ್ರೇಯಿ ಹೇಳಿದಾಗ ಯಾಜ್ಞವಲ್ಕ್ಯ, ಮೊದಲೇ ಪ್ರಿಯಳಾಗಿದ್ದವಳು ಈಗ ಪ್ರಿಯವಾದ ಮಾತನ್ನೇ ಆಡಿದೆ, ಬಾ, ಕುಳಿತುಕೋ ಎನ್ನುತ್ತಾನೆ. ಗಂಡನು ಪ್ರಿಯನಾಗುವುದು ಗಂಡನಿಗಾಗಿ ಅಲ್ಲ, ಆತ್ಮಕ್ಕಾಗಿ ಎಂದು ಶುರುವಾಗುವ ಪ್ರಸಿದ್ಧ ಸಾಲುಗಳು ಅಲ್ಲಿಂದ ಮುಂದೆ ಬರುತ್ತವೆ.

ಈ ಸಂವಾದ ಉಪನಿಷತ್ತಿನಲ್ಲಿ ಎರಡು ಸಲ ಇದೆ: ಎರಡನೆಯ ಅಧ್ಯಾಯದಲ್ಲಿ ಒಮ್ಮೆ, ನಾಲ್ಕನೆಯ ಅಧ್ಯಾಯದಲ್ಲಿ ಒಮ್ಮೆ. ಹಿಂದೆ ಓದುವಾಗ ಪುನರುಕ್ತಿ ಎಂದು ಎರಡನೆಯದನ್ನು ದಾಟಿಬಿಟ್ಟಿದ್ದೆ. ಈ ಸಲ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪದಪದವಾಗಿ ನೋಡಿದೆ. ಎರಡನೆಯ ಪಾಠದ ಆರಂಭದಲ್ಲಿ ಒಂದು ವಾಕ್ಯ ಹೆಚ್ಚಿಗೆ ಇದೆ. ಯಾಜ್ಞವಲ್ಕ್ಯನಿಗೆ ಇಬ್ಬರು ಹೆಂಡತಿಯರು, ಅವರಲ್ಲಿ ಮೈತ್ರೇಯಿ ಬ್ರಹ್ಮವಾದಿನಿ, ಕಾತ್ಯಾಯನಿ ‘ಸ್ತ್ರೀಪ್ರಜ್ಞೆ’, ಎಂದರೆ ಹೆಂಗಸರಿಗೆ ಇರುವಷ್ಟೇ ತಿಳಿವಳಿಕೆಯವಳು. ಇಡೀ ಪ್ರಸಂಗದಲ್ಲಿ ಅವಳ ಬಗ್ಗೆ ಇರುವ ವಿವರಣೆ ಅದೊಂದೇ. ಅವಳು ಮಾತಾಡುವುದೇ ಇಲ್ಲ. ಕೊನೆಯಲ್ಲೂ ಒಂದು ವ್ಯತ್ಯಾಸ: ಎರಡನೆಯ ಪಾಠ ಉಪದೇಶಕ್ಕೇ ನಿಲ್ಲದೆ, ಹೀಗೆ ಹೇಳಿ ಯಾಜ್ಞವಲ್ಕ್ಯ ಹೊರಟುಹೋದ ಎಂದು ಮುಗಿಯುತ್ತದೆ.

ಹೊರಟುಹೋದ. ಅವತ್ತು ಸಂಜೆ ಮನೆಯಲ್ಲಿ ಕಾತ್ಯಾಯನಿ ಏನು ಮಾಡುತ್ತಿದ್ದಳು? ಉಪನಿಷತ್ತಿಗೆ ಆ ಪ್ರಶ್ನೆ ಬೇಕಾಗಿಲ್ಲ. ನನಗೆ ಬೇಕಾಗಿತ್ತು, ಏಕೆಂದರೆ ನನ್ನ ಕಣ್ಣ ಮುಂದೆ ಅಕ್ಕ ಇದ್ದಳು.

ಕಾದಂಬರಿ ಇಲ್ಲಿಂದಲೇ ಬಲ ಪಡೆಯುತ್ತದೆ. ದೇವುಡು ಯಾಜ್ಞವಲ್ಕ್ಯನಿಗೆ ತಂದೆ ತಾಯಿಯನ್ನು, ಬಾಲ್ಯವನ್ನು, ಗುರುವಿನೊಂದಿಗಿನ ಒಡಕನ್ನು, ಸಂಸಾರವನ್ನು ಕೊಡುತ್ತಾರೆ. ಜನಕನ ಸಭೆಯಲ್ಲಿ ಕೊಂಬಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ಹೊಡೆದುಕೊಂಡು ಹೋಗು ಎಂದು ಶಿಷ್ಯನಿಗೆ ಹೇಳುವ ಆ ಧೈರ್ಯದ ಹಿಂದೆ ಎಷ್ಟು ವರ್ಷಗಳ ತಪಸ್ಸಿರಬಹುದು ಎಂಬುದು ಕಾದಂಬರಿ ಓದಿದ ಮೇಲೆ ಕಣ್ಣಿಗೆ ಕಟ್ಟುತ್ತದೆ. ಕಾತ್ಯಾಯನಿಗೂ ಅಲ್ಲಿ ಒಂದು ಮನೆ, ಒಂದು ದನಿ ಇದೆ. ದೇವುಡು ಅವರ ಕನ್ನಡ ನಿಧಾನವಾದದ್ದು, ಯಜ್ಞಶಾಲೆಯ ಮಾತುಕತೆಗೆ ಒಗ್ಗಿದ್ದು. ಮೊದಲ ಐವತ್ತು ಪುಟಗಳನ್ನು ದಾಟುವ ತಾಳ್ಮೆ ಇರುವವರಿಗೆ ಮಾತ್ರ ಅದು ಒಲಿಯುತ್ತದೆ.

ಆದರೆ ಒಂದು ತಪ್ಪು ಮಾಡಿದೆ. ಕಾದಂಬರಿಯನ್ನು ಮೊದಲು ಓದಿದೆ, ಉಪನಿಷತ್ತನ್ನು ಆಮೇಲೆ. ಹಾಗೆ ಮಾಡಿದ್ದರಿಂದ ಮೂಲದ ಯಾಜ್ಞವಲ್ಕ್ಯ ಬಾಯಿ ತೆರೆದಾಗಲೆಲ್ಲ ಕಾದಂಬರಿಯ ಯಾಜ್ಞವಲ್ಕ್ಯನ ಧ್ವನಿ ಕೇಳತೊಡಗಿತು. ಮೂಲದವನು ಒರಟ, ಚುರುಕು, ಕೆಲವೊಮ್ಮೆ ಎದುರಾಳಿಯನ್ನು ನಡುಗಿಸುವವನು. ಅತಿಯಾಗಿ ಪ್ರಶ್ನಿಸಬೇಡ, ತಲೆ ಉರುಳೀತು ಎಂದು ಗಾರ್ಗಿಗೆ ಹೇಳಿದವನು. ಆ ಗಡಸುತನ ನನಗೆ ತಟ್ಟಬೇಕಾದರೆ ಮೂರು ಸಲ ಓದಬೇಕಾಯಿತು.

ಆರು ತಿಂಗಳ ಬಳಿಕ ಎಡಪುಟದ ಕೆಳಗೆ ಬರೆದ ಕೆಂಪು ಸಾಲು: “ಉಪ್ಪಿನ ಹರಳು ನೀರಿನಲ್ಲಿ ಕರಗಿದ ಮೇಲೆ ಕೈಯಿಂದ ಎತ್ತಲಾಗದು, ಎಲ್ಲಿ ತೆಗೆದುಕೊಂಡರೂ ಉಪ್ಪೇ.” ಬಲಪುಟದ ಕೆಳಗೆ ಬರೆದದ್ದು: “ಕಾತ್ಯಾಯನಿ.” ಅಷ್ಟೇ, ಹೆಸರು ಮಾತ್ರ.

ಎದುರಾಳಿ ಇಲ್ಲದ ಕಠೋಪನಿಷತ್ತು

ನಚಿಕೇತನ ಕಥೆಗೂ ಜೋಡಿ ಹುಡುಕಿದೆ. ನನಗೆ ತೃಪ್ತಿಯಾಗುವಂಥ ಕಾದಂಬರಿ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಓದುತ್ತಾ ಓದುತ್ತಾ ಗೊತ್ತಾಯಿತು: ಕಠೋಪನಿಷತ್ತು ತಾನೇ ಕಥೆಯ ಕೆಲಸವನ್ನೂ ಮಾಡಿ ಮುಗಿಸಿದೆ.

ತಂದೆ ದಾನ ಕೊಡುತ್ತಿರುವ ಹಸುಗಳನ್ನು ಹುಡುಗ ನೋಡುತ್ತಾನೆ. ಆ ಹಸುಗಳಿಗೆ ನಾಲ್ಕು ವಿಶೇಷಣ: ಪೀತೋದಕಾಃ, ಜಗ್ಧತೃಣಾಃ, ದುಗ್ಧದೋಹಾಃ, ನಿರಿಂದ್ರಿಯಾಃ. ಕುಡಿಯುವ ನೀರನ್ನೆಲ್ಲ ಕುಡಿದಾಗಿದೆ, ಮೇಯುವ ಹುಲ್ಲನ್ನೆಲ್ಲ ಮೇದಾಗಿದೆ, ಕೊಡುವ ಹಾಲನ್ನೆಲ್ಲ ಕೊಟ್ಟಾಗಿದೆ, ಇನ್ನು ಇಂದ್ರಿಯಗಳಲ್ಲಿ ಕಸುವಿಲ್ಲ. ಮುದಿ ಹಸು ಎಂಬ ಮಾತನ್ನೇ ಬಳಸದೆ ಒಂದು ಹಸುವಿನ ಇಡೀ ಬದುಕನ್ನು ಹೀಗೆ ನಾಲ್ಕು ಪದಗಳಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ದಾನ ಕೊಡುವವನ ಕೃಪಣತನ, ಅದನ್ನು ಕಂಡ ಮಗನ ಸಂಕಟ, ಎರಡೂ ಆ ಹಸುಗಳ ಪಕ್ಕೆಯಲ್ಲೇ ಕಾಣುತ್ತವೆ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಅವನು ಮೂರು ಸಲ ಕೇಳುತ್ತಾನೆ. ಸಿಟ್ಟಿಗೆದ್ದ ತಂದೆ ಮೃತ್ಯುವಿಗೆ ಕೊಟ್ಟೆ ಎನ್ನುತ್ತಾನೆ. ಹುಡುಗ ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾಯುತ್ತಾನೆ. ಕಾದದ್ದಕ್ಕೆ ಪ್ರತಿಯಾಗಿ ಸಿಕ್ಕ ಮೂರು ವರಗಳಲ್ಲಿ ಮೊದಲನೆಯದನ್ನು ಅವನು ಬಳಸುವುದು ಅಪ್ಪನ ಕೋಪ ಶಮನವಾಗಲಿ, ಮರಳಿ ಹೋದಾಗ ಅಪ್ಪ ತನ್ನನ್ನು ಗುರುತಿಸಿ ಮಾತಾಡಿಸಲಿ ಎಂದು ಕೇಳುವುದಕ್ಕೆ. ನಾನು ಈ ಸಾಲಿನಲ್ಲಿ ಪ್ರತಿ ಸಲವೂ ನಿಲ್ಲುತ್ತೇನೆ.

ಸುಮಾರು 120 ಮಂತ್ರಗಳ ಈ ಗ್ರಂಥವನ್ನು ಮೊದಲ ಸಲ ಒಂದೇ ಭಾನುವಾರ ಓದಿ ಮುಗಿಸಿದ್ದೆ. ಆಗ ಏನೂ ದಕ್ಕಲಿಲ್ಲ. ಈ ಸಲ ದಿನಕ್ಕೊಂದು ಮಂತ್ರ, ಜೊತೆಗೆ ಶಂಕರಭಾಷ್ಯದ ಕನ್ನಡ ಅನುವಾದ. ಕಾದಂಬರಿ ಓದುವ ವೇಗದಲ್ಲಿ ಉಪನಿಷತ್ತನ್ನು ಓದಲಾಗದು, ಉಪನಿಷತ್ತಿನ ವೇಗದಲ್ಲಿ ಕಾದಂಬರಿಯನ್ನೂ ಓದಲಾಗದು. ಕಾದಂಬರಿಗೆ ದಿನಕ್ಕೆ ಹತ್ತು ಪುಟ ಎಂದು ಕಟ್ಟಿಹಾಕಿದರೆ ಅದು ಉಸಿರುಗಟ್ಟಿ ಸಾಯುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ.

ಯಯಾತಿಯ ಜೋಡಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮಹಾಭಾರತದ ಆದಿಪರ್ವದಲ್ಲಿ ಸಾವಿರ ವರ್ಷ ಮಗನ ಯೌವನವನ್ನು ಅನುಭವಿಸಿದ ಯಯಾತಿ ಹೇಳುವ ಶ್ಲೋಕ ‘ನ ಜಾತು ಕಾಮಃ ಕಾಮಾನಾಮುಪಭೋಗೇನ ಶಾಮ್ಯತಿ’. ತುಪ್ಪ ಸುರಿದಷ್ಟೂ ಬೆಂಕಿ ಹೆಚ್ಚುವಂತೆ ಉಣ್ಣುವುದರಿಂದ ಆಸೆ ಆರುವುದಿಲ್ಲ ಎಂಬ ಅರ್ಥದ್ದು. ಇದರ ಜೊತೆಗೆ ಓದಿದ್ದು ವಿ. ಸ. ಖಾಂಡೇಕರರ 1959ರ ಮರಾಠಿ ಕಾದಂಬರಿ ‘ಯಯಾತಿ’, ಕನ್ನಡ ಅನುವಾದದಲ್ಲಿ. 1974ರ ಜ್ಞಾನಪೀಠ ಅವರಿಗೆ ಬಂತು. ಯಯಾತಿ, ದೇವಯಾನಿ, ಶರ್ಮಿಷ್ಠೆ ಸರದಿಯಂತೆ ತಮ್ಮ ತಮ್ಮ ಕಥೆ ಹೇಳುತ್ತಾರೆ. ಶರ್ಮಿಷ್ಠೆಯ ಭಾಗಗಳು ನನ್ನನ್ನು ಹಿಡಿದು ಕೂರಿಸಿದವು. ದೇವಯಾನಿಗೆ ಮಾತ್ರ ಲೇಖಕರು ನ್ಯಾಯ ಮಾಡಲಿಲ್ಲ ಎಂದು ನನಗೆ ತೋರುತ್ತದೆ. ಬಾವಿಗೆ ತಳ್ಳಿಸಿಕೊಂಡ, ಪ್ರೀತಿಸಿದವನಿಂದ ತಿರಸ್ಕೃತಳಾದ ಹೆಣ್ಣಿನ ಕಹಿಗೆ ಇನ್ನಷ್ಟು ಆಳವಿರಬೇಕಿತ್ತು. ಒಟ್ಟಿನಲ್ಲಿ ಈ ಜೋಡಿಯಲ್ಲಿ ಎರಡು ಸಾಲಿನ ಶ್ಲೋಕವೇ ಗೆದ್ದಿತು. ಕಾದಂಬರಿಯ ಪುಟದ ಕೆಳಗೆ ಕೆಂಪು ಸಾಲು ಬರೆಯಲು ಹೆಚ್ಚೇನೂ ಉಳಿದಿರಲಿಲ್ಲ.

ತನಗೆ ತಾನೇ ಹೇಳಿಕೊಂಡದ್ದು

ಕೈಮೀರಿದ್ದನ್ನು ಸಮಚಿತ್ತದಿಂದ ಸ್ವೀಕರಿಸು ಎನ್ನುವ ಸ್ಟೋಯಿಕ್ ಪಂಥದ ಗ್ರೀಕ್ ಮತ್ತು ರೋಮನ್ ತತ್ತ್ವಜ್ಞರನ್ನು ಓದಿದಾಗ ಅಕ್ಕನ ಮುಂದೆ ನಾನು ಮಾಡಿದ ತಪ್ಪಿನ ಬೇರು ಸಿಕ್ಕಿತು.

ಮಾರ್ಕಸ್ ಆರೇಲಿಯಸ್ ಕ್ರಿ.ಶ. 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಅವನ ಹನ್ನೆರಡು ಭಾಗಗಳ ಬರಹ ಗ್ರೀಕ್ ಭಾಷೆಯಲ್ಲಿದೆ. ಎರಡು ಕಡೆ ಬರೆದ ಸ್ಥಳದ ಉಲ್ಲೇಖ ಉಳಿದಿದೆ. ಒಂದು ಕ್ವಾಡಿ ಎಂಬ ಜನರ ನಡುವೆ, ಇನ್ನೊಂದು ಕಾರ್ನುಂಟಮ್ ಎಂಬ ಗಡಿಠಾಣೆ, ಎರಡೂ ಯುದ್ಧಭೂಮಿ. ಆ ಬರಹಕ್ಕೆ ಪರಂಪರೆಯಲ್ಲಿ ಉಳಿದುಬಂದ ಗ್ರೀಕ್ ಶೀರ್ಷಿಕೆಯ ಅರ್ಥ ‘ತನಗೆ ತಾನೇ’ ಎಂದು. ಐದನೆಯ ಭಾಗದ ಮೊದಲಲ್ಲಿ, ಬೆಳಗ್ಗೆ ಏಳಲು ಮನಸ್ಸಾಗದಿದ್ದರೆ ಮನುಷ್ಯನ ಕೆಲಸ ಮಾಡಲು ಏಳುತ್ತಿದ್ದೇನೆ ಎಂದುಕೋ ಎಂದು ಬರೆದುಕೊಂಡಿದ್ದಾನೆ. ಆ ‘ಕೋ’ ಯಾರಿಗೂ ಹೇಳಿದ್ದಲ್ಲ. ಹಾಸಿಗೆಯಿಂದ ಏಳಲು ಕಷ್ಟಪಡುತ್ತಿದ್ದ ಅವನಿಗೇ ಅವನು ಹೇಳಿಕೊಂಡದ್ದು. ಚಕ್ರವರ್ತಿ ಇದೇ ಮಾತನ್ನು ತನ್ನ ಸೈನಿಕರಿಗೆ ಹೇಳಿದ್ದರೆ ಅದು ಆಜ್ಞೆಯಾಗುತ್ತಿತ್ತು.

ಎಪಿಕ್ಟೆಟಸ್ ಹುಟ್ಟಿನಿಂದ ಗುಲಾಮ, ಮುಂದೆ ಗುರು. ಅವನ ಮಾತುಗಳನ್ನು ಬರೆದಿಟ್ಟವನು ಶಿಷ್ಯ ಆರಿಯನ್. ಅವುಗಳ ಸಾರವನ್ನು 53 ಪುಟ್ಟ ಅಧ್ಯಾಯಗಳ ಕೈಪಿಡಿಯಾಗಿ ಮಾಡಿಕೊಟ್ಟವನೂ ಅವನೇ. ಕೆಲವು ನಮ್ಮ ಅಧೀನದಲ್ಲಿವೆ, ಕೆಲವು ಇಲ್ಲ ಎಂಬ ಮಾತಿನಿಂದ ಕೈಪಿಡಿ ಶುರುವಾಗುತ್ತದೆ. ಭಾವ ಆಸ್ಪತ್ರೆಯಲ್ಲಿದ್ದ ಮೂರು ರಾತ್ರಿ ನಾನು ಹೊರಗಿನ ಬೆಂಚಿನ ಮೇಲೆ ಆ ಒಂದು ವಾಕ್ಯವನ್ನು ಹಿಡಿದುಕೊಂಡೇ ಕುಳಿತಿದ್ದೆ. ಒಳಗೆ ನಡೆಯುತ್ತಿರುವುದು ನನ್ನ ಕೈಯಲ್ಲಿಲ್ಲ. ಅಕ್ಕನ ಫೋನಿಗೆ ನಾನು ಯಾವ ಧ್ವನಿಯಲ್ಲಿ ಉತ್ತರ ಕೊಡುತ್ತೇನೆ ಎಂಬುದು ನನ್ನ ಕೈಯಲ್ಲಿದೆ. ಆ ಹೊತ್ತಿನಲ್ಲಿ ಯಾವ ಕಾದಂಬರಿಯನ್ನೂ ತೆರೆಯಲು ನನ್ನಿಂದ ಆಗುತ್ತಿರಲಿಲ್ಲ. ಇನ್ನೊಬ್ಬರ ಸಂಕಟವನ್ನು ಹೊರಲು ಜಾಗವೇ ಇರಲಿಲ್ಲ. ಎರಡು ಸಾಲು ಮಾತ್ರ ಹಿಡಿಸುವಷ್ಟು ಜಾಗವಿತ್ತು, ಆ ಎರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು. ಈ ಋಣವನ್ನು ಸ್ಪಷ್ಟವಾಗಿಯೇ ಹೇಳಬೇಕು.

ಅದೇ ಕೈಪಿಡಿಯ ಹದಿನಾರನೆಯ ಅಧ್ಯಾಯವನ್ನು ಆಗ ಓದಿದ್ದರೆ ಎಷ್ಟು ಚೆನ್ನಾಗಿತ್ತು. ದುಃಖದಲ್ಲಿ ಅಳುತ್ತಿರುವವನನ್ನು ಕಂಡಾಗ ಅವನನ್ನು ನೋಯಿಸುತ್ತಿರುವುದು ನಡೆದ ಘಟನೆಯಲ್ಲ, ಅದರ ಬಗ್ಗೆ ಅವನಿಗಿರುವ ಭಾವನೆ ಎಂದು ನೀನು ನೆನಪಿಟ್ಟುಕೋ, ಆದರೆ ಮಾತಿನಲ್ಲಿ ಅವನೊಡನೆ ಮರುಗಲು ಹಿಂಜರಿಯಬೇಡ, ಬೇಕಿದ್ದರೆ ಅವನ ಜೊತೆ ನರಳು, ಒಳಗೆ ಮಾತ್ರ ನರಳದಂತೆ ನೋಡಿಕೋ ಎನ್ನುತ್ತಾನೆ. ಆ ಕೊನೆಯ ಎಚ್ಚರಿಕೆಯನ್ನು ನಾನು ಒಪ್ಪಲಾರೆ, ಒಳಗೂ ನರಳಿದವನೇ ನಾನು. ಆದರೆ ಇಷ್ಟು ಕಠಿಣನಾದ ಗುರು ಕೂಡ ಅಳುವವನಿಗೆ ತತ್ತ್ವ ಹೇಳು ಎನ್ನುವುದಿಲ್ಲ. ನೆನಪಿಟ್ಟುಕೋ ಎಂಬುದು ನನಗೆ, ಮರುಗು ಎಂಬುದು ಅವನ ಜೊತೆಗೆ.

ಆಮೇಲೆ ಗೀತೆಗೆ ಮರಳಿದೆ. ಕೃಷ್ಣನ ಉಪದೇಶ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿದೆ. ಎರಡನೆಯ ಅಧ್ಯಾಯದ ಏಳನೆಯ ಶ್ಲೋಕದಲ್ಲಿ ಅರ್ಜುನ ‘ಶಿಷ್ಯಸ್ತೇಽಹಂ ಶಾಧಿ ಮಾಂ’ ಎನ್ನುತ್ತಾನೆ. ನಾನು ನಿನ್ನ ಶಿಷ್ಯ, ನನಗೆ ತಿಳಿಸಿಕೊಡು ಎಂದು. ಆ ಮಾತು ಬಂದ ಮೇಲೆಯೇ ಆತ್ಮತತ್ತ್ವ. ಮೈತ್ರೇಯಿ ಕೇಳಿದಳು, ಆಮೇಲೆ ಯಾಜ್ಞವಲ್ಕ್ಯ ಹೇಳಿದ. ನಚಿಕೇತ ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸು ಎಲ್ಲವನ್ನೂ ತಳ್ಳಿಹಾಕಿ ಹಟ ಹಿಡಿದ, ಆಮೇಲೆ ಯಮ ಬಾಯಿಬಿಟ್ಟ. ಅಕ್ಕ ನನ್ನನ್ನು ಏನೂ ಕೇಳಿರಲಿಲ್ಲ. ತತ್ತ್ವದ ಮಾತು ತನಗೆ ಹೇಳಿಕೊಳ್ಳಲು, ಇಲ್ಲವೇ ಕೇಳಿದವರಿಗೆ ಹೇಳಲು ಇರುವುದು. ಕಥೆಗೆ ಈ ಕಟ್ಟುಪಾಡು ಇಲ್ಲ. ಕೇಳದಿದ್ದವರ ಪಕ್ಕದಲ್ಲೂ ಅದನ್ನು ಇಟ್ಟು ಬರಬಹುದು. ನಾನು ಇಪ್ಪತ್ತು ವರ್ಷ ಕಾಣದಿದ್ದ ವ್ಯತ್ಯಾಸ ಇದು.

ಕಾದಂಬರಿ ಪಕ್ಷ ಹಿಡಿದಾಗ

ಹಾಗೆಂದು ಕಾದಂಬರಿಗೇ ಮಣೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಅದರ ಅಪಾಯ ಬೇರೆ ಬಗೆಯದು, ಅದನ್ನೂ ಅನುಭವಿಸಿದ್ದೇನೆ.

ಕಾಲೇಜಿನ ದಿನಗಳಲ್ಲಿ ಕರ್ಣನ ದೃಷ್ಟಿಯಿಂದ ಬರೆದ ಕಥೆಗಳನ್ನು ಒಂದರ ಮೇಲೊಂದರಂತೆ ಓದಿದ್ದೆ. ಕರ್ಣನಿಗಾಗಿ ಅತ್ತಿದ್ದೆ. ದ್ರೌಪದಿ ಸ್ವಯಂವರದಲ್ಲಿ ಸೂತನನ್ನು ವರಿಸಲಾರೆ ಎಂದು ಅವಮಾನಿಸಿದಳು, ದುರ್ಯೋಧನನನ್ನು ಕುರುಡನ ಮಗ ಕುರುಡ ಎಂದು ಹಂಗಿಸಿದಳು, ಹಾಗಾಗಿ ಮುಂದಿನದಕ್ಕೆಲ್ಲ ಅವಳದೂ ಪಾಲಿದೆ ಎಂದೇ ನಂಬಿದ್ದೆ. ಈ ಸಲ ಮೂಲದ ಅನುವಾದವನ್ನು ಹಿಡಿದು ಕುಳಿತೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ನೂರಾರು ಹಸ್ತಪ್ರತಿಗಳನ್ನು ಹೋಲಿಸಿ 1966ರಲ್ಲಿ ಮುಗಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಸ್ವಯಂವರದ ಆ ನಿರಾಕರಣೆ ಮುಖ್ಯ ಪಾಠದಲ್ಲಿಲ್ಲ, ಕುರುಡನ ಮಗ ಎಂಬ ಮಾತು ದ್ರೌಪದಿಯ ಬಾಯಲ್ಲಿ ಇಲ್ಲ. ಇರುವುದೇನು? ಸಭಾಪರ್ವದಲ್ಲಿ ಪಾಂಡವರ ಮತ್ತು ದ್ರೌಪದಿಯ ಬಟ್ಟೆಗಳನ್ನು ಕಿತ್ತುಕೋ ಎಂದು ದುಶ್ಶಾಸನನಿಗೆ ಹೇಳುವವನು ಕರ್ಣ. ಅದು ಇದೆ.

ಆ ಪುಟವನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಒಬ್ಬ ಹೆಣ್ಣಿನ ಮೇಲೆ, ಅವಳು ಕಾವ್ಯದ ಪಾತ್ರವೇ ಇರಲಿ, ಅಷ್ಟು ವರ್ಷ ನಾನು ಹೊರಿಸಿದ ತಪ್ಪಿನ ಭಾರ ಅದು. ಕಾದಂಬರಿ ನನಗೆ ಸುಳ್ಳು ಹೇಳಿತು ಎನ್ನಲಾರೆ. ಕಾದಂಬರಿಕಾರನಿಗೆ ಕಲ್ಪಿಸುವ ಹಕ್ಕಿದೆ, ಪಂಪನೂ ಕುಮಾರವ್ಯಾಸನೂ ಆ ಹಕ್ಕನ್ನು ಧಾರಾಳವಾಗಿ ಬಳಸಿದವರೇ. ಆದರೆ ಒಬ್ಬನ ಎದೆಯೊಳಗೆ ಕೂರಿಸಿ ಕಥೆ ಹೇಳಿದಾಗ ಅವನ ಎದುರಿಗಿರುವವರೆಲ್ಲ ಓದುಗನಿಗೂ ಎದುರಾಳಿಗಳಾಗುತ್ತಾರೆ. ಆ ಸೆಳೆತ ಎಷ್ಟು ಬಲವಾದದ್ದೆಂದರೆ, ಓದು ಮುಗಿದ ಮೇಲೂ ಅದು ಕಲ್ಪನೆ ಎಂಬುದು ಮರೆತುಹೋಗಿ ನಡೆದದ್ದೇ ಹೀಗೆ ಎಂದು ಉಳಿದುಬಿಡುತ್ತದೆ.

ಎಸ್. ಎಲ್. ಭೈರಪ್ಪನವರ ‘ಪರ್ವ’ವನ್ನು ನಾನು ಇದರಿಂದ ಬೇರೆಯಾಗಿ ಇಡುವುದು ಇದೇ ಕಾರಣಕ್ಕೆ. 1979ರ ಈ ಕಾದಂಬರಿ ಮದ್ರದೇಶದ ಮುದಿ ರಾಜ ಶಲ್ಯನಿಂದ ಶುರುವಾಗುತ್ತದೆ. ಒಬ್ಬರ ಒಳಗಿನಿಂದ ಇನ್ನೊಬ್ಬರ ಒಳಗೆ ಕರೆದೊಯ್ಯುತ್ತದೆ. ಕುಂತಿ, ಭೀಮ, ದ್ರೌಪದಿ ತಮ್ಮ ತಮ್ಮ ನೆನಪುಗಳಲ್ಲಿ ಮುಳುಗಿ ಮಾತಾಡುತ್ತಾರೆ. ವರ, ಶಾಪ, ಪವಾಡಗಳನ್ನು ತೆಗೆದುಹಾಕಿದೆ. ಪಾಂಡವರ ಹುಟ್ಟು ನಿಯೋಗದ್ದು, ಎಂದರೆ ಗಂಡನ ಒಪ್ಪಿಗೆಯಿಂದ ಬೇರೊಬ್ಬನಿಂದ ಪಡೆದದ್ದು. ಎಲ್ಲರ ಪಕ್ಷವನ್ನೂ ಸರದಿಯಲ್ಲಿ ಹಿಡಿಸುವುದರಿಂದ ಯಾರ ಪಕ್ಷವೂ ಪೂರ್ತಿ ಅಂಟುವುದಿಲ್ಲ. ಗೀತೆಯನ್ನು ಓದುವಾಗ ಹದಿನೆಂಟು ಅಕ್ಷೌಹಿಣಿ ಎಂಬುದು ಒಂದು ಸಂಖ್ಯೆ. ‘ಪರ್ವ’ದಲ್ಲಿ ಆ ಜನರೆಲ್ಲ ಉಣ್ಣಬೇಕು, ಮಲವಿಸರ್ಜಿಸಬೇಕು, ಗಾಯಗೊಂಡು ಕೊಳೆಯಬೇಕು, ಆ ವಾಸನೆಯಲ್ಲಿ ಉಳಿದವರು ನಿದ್ದೆ ಮಾಡಬೇಕು. ‘ಯುದ್ಧಕ್ಕೆ ಎದ್ದು ನಿಲ್ಲು’ ಎಂಬ ವಾಕ್ಯವನ್ನು ಆಮೇಲೆ ನಾನು ಅಷ್ಟು ಸಲೀಸಾಗಿ ಉಚ್ಚರಿಸಲಾರೆ. ಗೀತೆಯ ಮೇಲಿನ ಗೌರವ ಕಡಿಮೆಯಾಯಿತೆಂದಲ್ಲ. ಅರ್ಜುನನ ನಡುಕ ಎಷ್ಟು ನ್ಯಾಯವಾದದ್ದು ಎಂದು ಗೊತ್ತಾಯಿತು, ಅದಕ್ಕೆ ಉತ್ತರವಾಗಿ ಬಂದ ಮಾತು ಎಷ್ಟು ದೊಡ್ಡದಿರಬೇಕಾಗಿತ್ತು ಎಂದೂ ಗೊತ್ತಾಯಿತು.

ಕಳೆದುಕೊಂಡದ್ದೂ ಇದೆ. ಪವಾಡಗಳ ಜೊತೆಗೆ ಕೆಲವು ಅರ್ಥಗಳೂ ಹೊರಟುಹೋಗುತ್ತವೆ. ದೇವರೇ ತನ್ನ ಮಗನ ರಕ್ಷಣೆಗಾಗಿ ಕರ್ಣನ ಕವಚ ಬೇಡಲು ಬರುವ ಪ್ರಸಂಗದಲ್ಲಿ ಬೇಡುವವನು ಇಂದ್ರನಾಗಿರುವುದರಿಂದಲೇ ಕೊಡುವವನು ದೊಡ್ಡವನಾಗುತ್ತಾನೆ. ದೇವಲೋಕವನ್ನು ಅಳಿಸಿದ ಮೇಲೆ ಆ ಎತ್ತರವನ್ನು ತೋರಿಸಲು ಬೇರೆ ಅಳತೆಗೋಲು ಬೇಕು, ಅದು ಎಲ್ಲ ಕಡೆಯೂ ಸಿಗುವುದಿಲ್ಲ.

ಎರಡರಲ್ಲಿ ಯಾವುದನ್ನು ಮೊದಲು ಓದಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಈಗ ಖಚಿತ. ಒಬ್ಬ ವ್ಯಕ್ತಿಯ ಕಥೆಯಾದರೆ ಮೂಲ ಮೊದಲು, ಕಾದಂಬರಿ ಆಮೇಲೆ. ಯಾಜ್ಞವಲ್ಕ್ಯ, ಕರ್ಣ ಇಬ್ಬರೂ ನನಗೆ ಇದನ್ನು ಕಲಿಸಿದರು. ಗೀತೆಗೆ ಮಾತ್ರ ಇದು ತಿರುಗುಮುರುಗು: ಯುದ್ಧಕ್ಕೆ ತಂದು ನಿಲ್ಲಿಸಿದ ಇಡೀ ಕಥೆ ಗೊತ್ತಿಲ್ಲದೆ ಗೀತೆಯನ್ನು ಬಿಡಿಯಾಗಿ ಓದಿದರೆ ಅದು ಯಾರೋ ಯಾರಿಗೋ ಹೇಳಿದ ಸೂಕ್ತಿಗಳಾಗಿಬಿಡುತ್ತದೆ. ಒಂದೇ ಪುಸ್ತಕ ಇಟ್ಟುಕೋ ಎಂದರೆ ಕಠೋಪನಿಷತ್ತನ್ನು ಇಟ್ಟುಕೊಳ್ಳುತ್ತೇನೆ. ಮರುಓದಿನಲ್ಲಿ ಯಾವ ಕಾದಂಬರಿಯೂ ಅದರ ಸಮಕ್ಕೆ ನಿಲ್ಲಲಿಲ್ಲ. ‘ಪರ್ವ’ವನ್ನು ಎರಡನೆಯ ಸಲ ಓದಿದೆ, ಮೂರನೆಯ ಸಲಕ್ಕೆ ಇನ್ನೂ ಕೈ ಹೋಗಿಲ್ಲ.

ಪ್ಲೇಟೋ ಕೂಡ ಈ ಜಗಳವನ್ನು ಬಲ್ಲವನು. ಆದರ್ಶ ರಾಜ್ಯದ ಬಗೆಗಿನ ತನ್ನ ಸಂವಾದದ ಹತ್ತನೆಯ ಭಾಗದಲ್ಲಿ ತತ್ತ್ವಕ್ಕೂ ಕಾವ್ಯಕ್ಕೂ ಹಳೆಯ ಕಲಹವಿದೆ ಎನ್ನುತ್ತಾನೆ, ಕವಿಗಳನ್ನು ಊರ ಹೊರಗೆ ಕಳಿಸುತ್ತಾನೆ. ಅದೇ ಭಾಗವನ್ನು, ಇಡೀ ಗ್ರಂಥವನ್ನು, ಮುಗಿಸುವುದು ಮಾತ್ರ ಸತ್ತು ಎದ್ದುಬಂದ ಎರ್ ಎಂಬ ಯೋಧನ ಕಥೆಯಿಂದ.

ಸ್ತ್ರೀಪರ್ವ

ಜೋಡಿ ಓದಿನ ಕೊನೆಯ ತಿಂಗಳುಗಳಲ್ಲಿ ಗ್ರಂಥ, ಕಾದಂಬರಿ ಎರಡನ್ನೂ ಬದಿಗಿಟ್ಟು ವ್ಯಾಸಭಾರತದ ಸ್ತ್ರೀಪರ್ವಕ್ಕೆ ಬಂದೆ. ನಾನು ನೋಟ್‌ಬುಕ್ಕಿನ ಎರಡು ಪುಟಗಳಲ್ಲಿ ಮಾಡುತ್ತಿದ್ದುದನ್ನು ವ್ಯಾಸರು ಒಂದೇ ಪರ್ವದಲ್ಲಿ ಮಾಡಿಟ್ಟಿದ್ದಾರೆ.

ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರ ಸಾಂತ್ವನ ಹೇಳುತ್ತಾನೆ. ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಬ್ರಾಹ್ಮಣ ಹಾಳುಬಾವಿಗೆ ಬಿದ್ದು ಬಳ್ಳಿಗಳಿಗೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಕೆಳಗೆ ಹಾವು. ಬಾವಿಯ ಬಾಯಲ್ಲಿ ಆರು ಮುಖ, ಹನ್ನೆರಡು ಕಾಲಿನ ಆನೆ. ಅದು ಆರು ಋತು, ಹನ್ನೆರಡು ತಿಂಗಳ ವರ್ಷ. ಹಗಲು ರಾತ್ರಿಗಳೆಂಬ ಬಿಳಿ, ಕಪ್ಪು ಇಲಿಗಳು ಕಡಿಯುತ್ತಿವೆ. ಮೇಲಿನ ಜೇನುಗೂಡಿನಿಂದ ತೊಟ್ಟಿಕ್ಕುವ ಜೇನನ್ನು ಅವನು ಚಪ್ಪರಿಸುತ್ತಿದ್ದಾನೆ, ಇನ್ನೂ ಬೇಕು ಎನ್ನುತ್ತಿದ್ದಾನೆ. ಧೃತರಾಷ್ಟ್ರ ಈ ಮಾತುಗಳನ್ನು ಕೇಳಲೊಲ್ಲದೆ ಕೇಳಿದವನಲ್ಲ. ನಿನ್ನ ಸುಭಾಷಿತಗಳಿಂದ ನನ್ನ ಶೋಕ ಹೋಯಿತು, ಇನ್ನೂ ಹೇಳು ಎಂದು ತಾನಾಗಿ ಕೇಳಿದವನು.

ಕೆಲವೇ ಅಧ್ಯಾಯಗಳಾದ ಮೇಲೆ ಅದೇ ಧೃತರಾಷ್ಟ್ರ ಭೀಮನನ್ನು ಅಪ್ಪಿಕೊಳ್ಳಬೇಕು ಎಂದು ತೋಳು ಚಾಚುತ್ತಾನೆ. ಕೃಷ್ಣ ಭೀಮನನ್ನು ಹಿಂದಕ್ಕೆ ಸರಿಸಿ ಕಬ್ಬಿಣದ ಭೀಮನನ್ನು ಮುಂದಿಡುತ್ತಾನೆ. ಮುದುಕ ಅದನ್ನು ಅಪ್ಪಿ ಪುಡಿಮಾಡುತ್ತಾನೆ. ಎದೆ ಜಜ್ಜಿಹೋಗಿ ಬಾಯಿಂದ ರಕ್ತ ಬರುತ್ತದೆ. ಆಮೇಲೆ ಅಯ್ಯೋ ಭೀಮ ಎಂದು ಅಳುತ್ತಾನೆ. ಶೋಕ ಹೋಯಿತು ಎಂದು ಬಾಯಿ ಹೇಳಿತ್ತು. ತೋಳಿಗೆ ಅದು ಇನ್ನೂ ತಲುಪಿರಲಿಲ್ಲ. ಗಾಂಧಾರಿಗೂ ಹಾಗೆಯೇ. ವ್ಯಾಸರು ಸಮಾಧಾನ ಹೇಳಿದ್ದಾರೆ, ಅವಳು ಒಪ್ಪಿದ್ದಾಳೆ. ಆದರೂ ಕಣ್ಣಿನ ಪಟ್ಟಿಯ ಸಂದಿಯಿಂದ ಅವಳ ದೃಷ್ಟಿ ಯುಧಿಷ್ಠಿರನ ಕಾಲಬೆರಳ ತುದಿಗೆ ಬಿದ್ದಾಗ ಅವನ ಉಗುರುಗಳು ವಿಕಾರವಾಗುತ್ತವೆ. ಪಕ್ಕದಲ್ಲಿದ್ದ ಅರ್ಜುನ ಅದನ್ನು ಕಂಡು ಕೃಷ್ಣನ ಹಿಂದೆ ಸರಿದು ನಿಲ್ಲುತ್ತಾನೆ.

ಇದನ್ನು ಅಕ್ಕನಿಗೆ ಓದಿ ಹೇಳಬಹುದು ಅನ್ನಿಸಿತು. ಈ ಸಲ ನಾನಾಗಿ ಅರ್ಥ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು, ಒಂದು ಸಂಜೆ ಅವಳ ಎದುರು ಕುಳಿತು ಸುಮ್ಮನೆ ಓದತೊಡಗಿದೆ. ಕಬ್ಬಿಣದ ಭೀಮನ ಪ್ರಸಂಗಕ್ಕೆ ಅವಳು ತಲೆ ಎತ್ತಿ ನೋಡಿದಳು. ಗಾಂಧಾರಿ ರಣರಂಗದಲ್ಲಿ ಒಬ್ಬೊಬ್ಬರ ಹೆಣವನ್ನೂ ಒಬ್ಬೊಬ್ಬ ಹೆಂಡತಿಯನ್ನೂ ಕೃಷ್ಣನಿಗೆ ತೋರಿಸುವ ಅಧ್ಯಾಯಗಳು ಬಂದವು. ಭೂರಿಶ್ರವಸನ ಹೆಂಡತಿ ಯುದ್ಧದಲ್ಲಿ ತುಂಡಾಗಿ ಬಿದ್ದ ಗಂಡನ ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡಿರುವ ಭಾಗ ಬಂದಾಗ ನನ್ನ ಧ್ವನಿ ತಡವರಿಸಿತು. ಇದು ನನ್ನ ಒಡ್ಯಾಣವನ್ನು ಎಳೆಯುತ್ತಿದ್ದ ಕೈ, ನನ್ನ ಸೀರೆಯ ಗಂಟು ಬಿಚ್ಚುತ್ತಿದ್ದ ಕೈ ಎಂದು ಅವಳು ಅಳುವ ಶ್ಲೋಕ ಅದು. ತಮ್ಮನಾದವನು ಅಕ್ಕನ ಎದುರು ಓದುವಂಥದ್ದಲ್ಲ ಎನ್ನಿಸಿ, ಪುಟ ಮಗುಚಲು ಹೋದೆ.

“ಬಿಡಬೇಡ, ಅದನ್ನೇ ಓದು,” ಎಂದಳು ಅಕ್ಕ.

ಓದಿದೆ. ಇನ್ನೊಮ್ಮೆ ಎಂದಳು. ಇನ್ನೊಮ್ಮೆಯೂ ಓದಿದೆ. ಭಾವ ತೀರಿಕೊಂಡ ಮೇಲೆ ಅವಳು ನನ್ನೆದುರು ಅತ್ತದ್ದು ಅದೇ ಮೊದಲು. ಹೊರಗೆ ಕತ್ತಲಾಗಿತ್ತು, ದೀಪ ಹಾಕಲು ಇಬ್ಬರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು, “ಅವತ್ತು ಏನೋ ಶ್ಲೋಕ ಹೇಳಿದೆಯಲ್ಲ, ಅದರ ಮುಂದಿನದು ಏನು?” ಎಂದು ಕೇಳಿದಳು.